ಬೊಟ್ಟು ಅಂದರೆ ಸೊನ್ನೆ

"ಗಾಡಿಗೆ ದಮ್ಮಿಲ್ಲ" ಎಂಬ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಮೂವರು ಗಂಡಸರು ನನಗೆ ಆ ಮಾತು ಹೇಳಿದ್ದಾರೆ. ಹೇಳುವ ಮೊದಲು ಮೂವರೂ ಎತ್ತಿದ್ದು ಒಂದೇ ವಿಷಯ: ಓಡಿಸುವುದು ಯಾರು? ಉತ್ತರ ನಾನು ಎಂದಾದ ಕೂಡಲೇ ಮೂವರ ಬಾಯಿಯಿಂದಲೂ ಒಂದೇ ಥರದ "ಓ" ಹೊರಟಿತು. ಅಲ್ಲಿಗೆ ಅವರ ತಪಾಸಣೆ ಮುಗಿಯಿತು. ಬಾನೆಟ್ ಎತ್ತಿದವರು ಎತ್ತಿದ್ದೂ ಆಮೇಲೆ, ಶಾಸ್ತ್ರಕ್ಕೆ.

ನಾನು ಆಗ ಕಾಪುವಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ; ಸಿಟ್ಟು ಬಂದರೆ ಮೂರೂ ಒಟ್ಟಿಗೆ. ಗಂಡ ಮಸ್ಕತ್ತಿನಲ್ಲಿ ಒಂದು ಕಂಪನಿಯ ಗ್ಯಾರೇಜಿನ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಎಂಬತ್ತರ ದಶಕದ ಕೊನೆಯ ಭಾಗದಲ್ಲಿ ಒಮ್ಮೆ ರಜೆಗೆ ಬರುವಾಗ ಒಂದು ಹಳೆಯ ಜಪಾನಿನ ಕಾರನ್ನು ಹಡಗಿನಲ್ಲಿ ತರಿಸಿದರು. ಹಾಲಿನ ಬಣ್ಣದ ಕಾರು. ನಮ್ಮ ಬೀದಿಯವರೆಲ್ಲ ಬಂದು ಮುಟ್ಟಿ ನೋಡಿ ಹೋದರು. ರಜೆ ಮುಗಿಸಿ ಹೋಗುವ ಮುಂಚೆ ಅವರೇ ನನ್ನನ್ನು ಉಡುಪಿಯ ಡ್ರೈವಿಂಗ್ ಶಾಲೆಗೆ ಸೇರಿಸಿದರು. ಅಷ್ಟರ ಮಟ್ಟಿಗೆ ಒಳ್ಳೆಯ ಮನುಷ್ಯ. ಆದರೆ ಹೋಗುವ ದಿನ ಕಾರಿನ ಜವಾಬ್ದಾರಿ ಕೊಟ್ಟದ್ದು ನನಗಲ್ಲ, ತಮ್ಮ ಅಣ್ಣನಿಗೆ.

ಆ ಭಾವನ ಮನೆ ನಮ್ಮ ಕಾಂಪೌಂಡಿಗೆ ತಾಗಿಯೇ ಇತ್ತು. ಮಲ್ಪೆಯಲ್ಲಿ ಒಂದು ಬೋಟಿನಲ್ಲಿ ಅವರಿಗೆ ಪಾಲಿತ್ತು. ಹಾಗಾಗಿ ನೀರಿನ ಮೇಲೆ ಓಡುವುದು, ನೆಲದ ಮೇಲೆ ಓಡುವುದು, ಎರಡೂ ತಮಗೆ ಗೊತ್ತು ಎಂದು ಅವರ ತಿಳಿವಳಿಕೆ. ಮೇ ತಿಂಗಳಲ್ಲಿ, ಮಳೆಗೆ ಮೊದಲು, ಒಂದು ಡಬ್ಬಿ ಬೂತಾಯಿ ಎಣ್ಣೆ ತಂದು ಕಾರಿನ ಅಡಿಗೆಲ್ಲ ಬಳಿದರು. ಬಾನೆಟ್ ಎತ್ತಿ ಒಳಗೂ ಬ್ರಷ್ ಓಡಿಸಿದರು. ಬೂತಾಯಿ ಮೀನನ್ನು ಕಾಯಿಸಿ ತೆಗೆದ ಆ ಎಣ್ಣೆಯನ್ನು ಬೋಟಿನ ಮರಕ್ಕೆ ಹಚ್ಚುತ್ತಾರೆ. "ಉಪ್ಪುಗಾಳಿಗೆ ಬೋಟೇ ಉಳೀತದೆ, ಇದು ಉಳಿಯುವುದಿಲ್ವಾ?" ಎಂದರು. ನಾನು ಮೂಗು ಮುಚ್ಚಿಕೊಂಡೆ. ತಿಂಗಳುಗಟ್ಟಲೆ ಶಾಲೆಯ ಮಕ್ಕಳು ನನ್ನ ಕಾರನ್ನು ಮೀನಿನ ಕಾರು ಎಂದು ಕರೆದರು.

ಆಗಸ್ಟಿನಲ್ಲಿ ಅಮ್ಮನಿಗೆ ಪಾರ್ಶ್ವವಾಯು ಬಡಿಯಿತು. ನನ್ನ ಅಮ್ಮ ಶಂಕರಪುರದ ಕಡೆಯವಳು. ಹುಟ್ಟಿದಲ್ಲೂ ಮದುವೆಯಾದಲ್ಲೂ ಅಂಗಳದ ತುಂಬ ಮಲ್ಲಿಗೆ ಬೆಳೆದವಳು. ಅಪ್ಪ ತೀರಿಕೊಂಡು ನನ್ನ ಮನೆಗೆ ಬಂದ ಮೇಲೂ ಕೈ ಸುಮ್ಮನಿರದೆ ಕಾಂಪೌಂಡಿನಲ್ಲಿ ಮಲ್ಲಿಗೆ ಗಿಡ ಹಾಕಿದ್ದಳು. ಬೆಳಿಗ್ಗೆ ಮೊಗ್ಗು ಕೊಯ್ದು, ಒದ್ದೆ ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಸುತ್ತಿ, ಎಂಟು ಗಂಟೆಯ ಬಸ್ಸಿಗೆ ಕಳಿಸಬೇಕು. ಅವಳು ಕಟ್ಟುವುದನ್ನು ನೋಡಿದರೆ ಕಣ್ಣಿಗೆ ಬೆರಳು ಕಾಣಿಸುತ್ತಿರಲಿಲ್ಲ, ಹೂವು ತಾನಾಗಿ ನಾರಿಗೆ ಅಂಟಿಕೊಳ್ಳುತ್ತಿದೆಯೋ ಅನಿಸುತ್ತಿತ್ತು. ಬಲಭಾಗಕ್ಕೆ ಬಡಿದು ಆ ಕೈ ಮುಷ್ಟಿಯಾಗಿ ಮುಚ್ಚಿಕೊಂಡಿತು.

ಮಣಿಪಾಲದ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ನನಗೆ ಸ್ಪಷ್ಟವಾಗಿ ಹೇಳಿದ್ದರು. "ಕಾಲು ಹೇಗೂ ಬರ್ತದೆ ಟೀಚರ್. ಕೈ ಹಾಗಲ್ಲ. ಮೊದಲ ಕೆಲವು ತಿಂಗಳು ಬಿಡದೆ ಮಾಡಿಸಿದರೆ ಬೆರಳು ತೆರೀತದೆ. ನಡುವೆ ಬಿಟ್ಟರೆ ಗಟ್ಟಿಯಾಗ್ತದೆ. ಆಮೇಲೆ ನಾವು ಎಂತ ಮಾಡಿದರೂ ಇಲ್ಲ." ಸೋಮವಾರ, ಬುಧವಾರ, ಶುಕ್ರವಾರ ಸಂಜೆ ನಾಲ್ಕೂವರೆಗೆ ಬರಬೇಕು ಎಂದರು. ಮುಖ್ಯೋಪಾಧ್ಯಾಯಿನಿಯ ಕೈಕಾಲು ಹಿಡಿದು ಆ ಮೂರು ದಿನ ಬೇಗ ಹೊರಡುವ ಅನುಮತಿ ತೆಗೆದುಕೊಂಡೆ. ಬಸ್ಸು ಸಾಧ್ಯವೇ ಇರಲಿಲ್ಲ. ನಮ್ಮ ಕರಾವಳಿಯ ಬಸ್ಸಿನ ಮೆಟ್ಟಿಲು ಸೊಂಟದೆತ್ತರಕ್ಕೆ ಇರುತ್ತದೆ, ಒಂದು ಕಾಲು ಎತ್ತುವಷ್ಟರಲ್ಲಿ ಕಂಡಕ್ಟರ್ "ರೈಟ್" ಎಂದಾಗಿರುತ್ತದೆ. ವಾರಕ್ಕೆ ಮೂರು ಸಲ ಟ್ಯಾಕ್ಸಿ ಮಾಡುವಷ್ಟು ಸಂಬಳ ನನಗಿರಲಿಲ್ಲ. ಹಾಗಾಗಿ ಕಾರು, ನಾನು, ಅಮ್ಮ.

ಸೆಪ್ಟೆಂಬರ್ ಕೊನೆಗೆ ಅಮ್ಮ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಮೊಗ್ಗು ಹಿಡಿದಳು. ಒಂದೇ ಒಂದು ಮೊಗ್ಗು. ಹಿಡಿದು ನನ್ನ ಮುಖ ನೋಡಿ ನಕ್ಕಳು. ನಾನು ಅಡುಗೆಮನೆಗೆ ಹೋಗಿ ಅತ್ತು ಬಂದೆ.

ಅಕ್ಟೋಬರ್ ಮೊದಲ ವಾರ, ಒಂದು ಬುಧವಾರ, ಇಂದ್ರಾಳಿ ದಾಟಿ ಮಣಿಪಾಲದ ಏರು ಶುರುವಾಗುವಲ್ಲಿ ಕಾರು ಉಸಿರು ಬಿಟ್ಟಿತು. ನಿಲ್ಲಲಿಲ್ಲ, ಅದೇ ವಿಚಿತ್ರ. ಆಕ್ಸಿಲರೇಟರನ್ನು ತಳ ಮುಟ್ಟುವವರೆಗೆ ಒತ್ತಿದರೂ ಒಳಗಿನಿಂದ ಗೊರಗೊರ ಸದ್ದು ಮಾತ್ರ, ಮುಳ್ಳು ಇಪ್ಪತ್ತರ ಮೇಲೆ ಏಳುವುದಿಲ್ಲ. ಮೀಟರಿನ ಮೂಲೆಯಲ್ಲಿ ಎಂಜಿನ್ನಿನ ಚಿತ್ರವಿರುವ ಒಂದು ಕಿತ್ತಳೆ ದೀಪ ಹತ್ತಿತ್ತು. ಸೈಕಲ್ಲನ್ನು ದೂಡಿಕೊಂಡು ಹೋಗುತ್ತಿದ್ದ ಒಬ್ಬ ಮನುಷ್ಯ ನಮ್ಮನ್ನು ದಾಟಿ ಹೋದ. ಹಿಂದಿನಿಂದ ಬಸ್ಸಿನವನ ಹಾರ್ನ್. "ಸವ್ಕಾಸ್, ಸವ್ಕಾಸ್" ಎಂದಳು ಅಮ್ಮ, ನಿಧಾನ ನಿಧಾನ ಎಂದು. ಇನ್ನೆಷ್ಟು ನಿಧಾನ ಮಾಡಲಿ! ಆಸ್ಪತ್ರೆ ತಲುಪುವಾಗ ಐದೂವರೆ. ನಮ್ಮ ಸರದಿ ಕಳೆದಿತ್ತು.

ಮೊದಲನೆಯವನು ಉಡುಪಿಯ ಮೆಕ್ಯಾನಿಕ್. ಊರಿನ ಅಂಬಾಸಡರುಗಳಿಗೆಲ್ಲ ಅವನೇ ವೈದ್ಯ. ಓಡಿಸುವುದು ಯಾರು, ಓ, ಎಲ್ಲ ಆದ ಮೇಲೆ ಬಾನೆಟ್ ಎತ್ತಿ ಕಾರ್ಬುರೇಟರ್ ಹುಡುಕಿದ. ಆ ಕಾರಿನಲ್ಲಿ ಕಾರ್ಬುರೇಟರ್ ಇಲ್ಲ. ಒಂದು ಪೆಟ್ಟಿಗೆಯೊಳಗಿನ ವಿದ್ಯುತ್ ಮಿದುಳು ಲೆಕ್ಕ ಮಾಡಿ ಪೆಟ್ರೋಲ್ ಕೊಡುತ್ತದೆ ಎಂದು ಗಂಡ ಹೇಳಿದ್ದನ್ನು ನಾನು ಹೇಳಿದೆ. ಅವನಿಗೆ ಅವಮಾನವಾಯಿತು. "ಕಾರ್ಬುರೇಟರ್ ಇಲ್ಲದ ಗಾಡಿ ಉಂಟಾ ಟೀಚರೆ? ನೀವು ಮಕ್ಕಳಿಗೆ ಕಲಿಸುವುದು ಕಲಿಸಿ" ಎಂದು ಪ್ಲಗ್ಗುಗಳನ್ನು ಬಿಚ್ಚಿದ. ಕಾರಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ ಕೊಡಿ ಎಂದ, ಭಾವ ತಂದುಕೊಟ್ಟರು. ಮೂರು ದಿನ ಕಳೆದು ಹೋದಾಗ ಆ ಪುಸ್ತಕದ ಹಾಳೆಗಳನ್ನು ಅವನ ಗ್ಯಾರೇಜಿನವರು ಗ್ರೀಸ್ ಒರೆಸಲು ಹರಿದಾಗಿತ್ತು. ಹೊಟ್ಟೆ ಉರಿಯುವುದಿಲ್ಲವೇ? "ಗಾಡಿಗೆ ದಮ್ಮಿಲ್ಲ, ಹೆಂಗಸರ ಕಾಲು ಕ್ಲಚ್ಚಿನ ಮೇಲೆಯೇ ಇರುತ್ತದಲ್ಲ" ಎಂದು ತೀರ್ಪು ಕೊಟ್ಟ.

ಎರಡನೆಯವನು ಕಾರ್ಕಳದವನು, ಡೀಸೆಲ್ ಪಂಪಿನ ದೊಡ್ಡ ಪಂಡಿತ. ಭಾವ ತಾವೇ ಓಡಿಸಿಕೊಂಡು ಹೊರಟರು, "ಗಂಡಸರು ಓಡಿಸಿದರೆ ಹೇಗೆ ಹೋಗ್ತದೆ ನೋಡು" ಎಂದು ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. ಹಿರಿಯಡ್ಕದ ಏರಿನಲ್ಲಿ ಕಾರು ತೆವಳಿತು. ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದವರು ಎದ್ದು ಬಂದು ದೂಡಿದರು. ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿ ಅವರಿಗೆ ಏನು ಹೇಳಿದರು ಗೊತ್ತೇ? "ಮನೆಯ ಹೆಂಗಸರು ಓಡಿಸಿ ಹಾಳು ಮಾಡಿದ್ದು ಮಾರಾಯ್ರೆ!" ನಾನು ಹಿಂದೆ ಕೂತಿದ್ದೆ. ಇಳಿದು ದೂಡಿದವರ ಜೊತೆ ಸೇರಿಕೊಳ್ಳಬೇಕು ಅನಿಸಿತು, ಮುಂದಕ್ಕಲ್ಲ, ಚರಂಡಿಯ ಕಡೆಗೆ.

ಓಡಿಸುವುದು ಯಾರು, ಓ, ಗಾಡಿಗೆ ದಮ್ಮಿಲ್ಲ, ಇಲ್ಲೂ ಅಷ್ಟೆಲ್ಲ ಆದ ಮೇಲೆ ಕಾರ್ಕಳದ ಪಂಡಿತ ಬಾನೆಟ್ ಎತ್ತಿದವನೇ ಮೂಗು ಸೊಟ್ಟ ಮಾಡಿದ. "ಎಂತದು, ಮೀನಿನ ವಾಸನೆ?" ಭಾವ ಎದೆ ಉಬ್ಬಿಸಿ ಬೂತಾಯಿ ಎಣ್ಣೆಯ ಮಹಿಮೆ ವರ್ಣಿಸಿದರು. ಪಂಡಿತ ತಲೆದೂಗಿದ. ಅವನು ಒಂದು ನಿಮಿಷ ಆ ವಾಸನೆಯ ಹಿಂದೆ ಹೋಗಿದ್ದರೆ ನನ್ನ ಅಮ್ಮನ ಕೈ ಉಳಿಯುತ್ತಿತ್ತು. ಹೋಗಲಿಲ್ಲ. ಪೆಟ್ರೋಲಿನಲ್ಲಿ ನೀರಿದೆ ಎಂದ. ಟ್ಯಾಂಕು ಖಾಲಿ ಮಾಡಿಸಿ ಬೇರೆ ಪೆಟ್ರೋಲು ಹಾಕಿಸಿದ. ದೀಪ ಆರಲಿಲ್ಲ. ಆಗ ಮೀಟರ್ ಬೋರ್ಡು ಬಿಚ್ಚಿ ಆ ಕಿತ್ತಳೆ ದೀಪದ ಬಲ್ಬನ್ನೇ ಕಿತ್ತು ಭಾವನ ಕೈಗೆ ಕೊಟ್ಟ. "ಇನ್ನು ತೊಂದರೆ ಇಲ್ಲ." ಭಾವ ಆ ಬಲ್ಬನ್ನು ಅಂಗಿಯ ಕಿಸೆಗೆ ಹಾಕಿಕೊಂಡರು. ರೋಗ ಹೇಳುವವನ ಬಾಯಿ ಹೊಲಿದು ರೋಗ ವಾಸಿಯಾಯಿತು ಎನ್ನುವ ಜನ!

ಮೂರನೆಯವರು ನನ್ನ ಗಂಡ. ಭಾವ ಉಡುಪಿಗೆ ಹೋಗಿ ಫೋನ್ ಮಾಡಿ ಎಲ್ಲ ಹೇಳಿದ್ದರು. ಮಸ್ಕತ್ತಿನಿಂದ ರಜೆಗೆ ಬಂದ ಯಾರದೋ ಕೈಯಲ್ಲಿ ನನಗೊಂದು ಕ್ಯಾಸೆಟ್ ಬಂತು. ಆ ಕಾಲದಲ್ಲಿ ಗಲ್ಫಿನ ಗಂಡಂದಿರು ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತನಾಡಿ ಕಳಿಸುತ್ತಿದ್ದರು. ಅಮ್ಮನ ಆರೋಗ್ಯ ವಿಚಾರಿಸಿ, ನನ್ನ ಆರೋಗ್ಯ ವಿಚಾರಿಸಿ, ಆಮೇಲೆ: "ಓಡಿಸುತ್ತಿದ್ದದ್ದು ನೀನೊಬ್ಬಳೇ ಅಲ್ವಾ? ಓ. ಗಾಡಿಗೆ ದಮ್ಮಿಲ್ಲ ಅಂತ ಅಣ್ಣ ಹೇಳಿದ. ಕಲ್ಲಿನ ಮೇಲೆ ಎತ್ತಿ ಇಡಿಸು. ಏಪ್ರಿಲಿನಲ್ಲಿ ಬಂದಾಗ ನಾನೇ ನೋಡುತ್ತೇನೆ." ಟೇಪ್ ರೆಕಾರ್ಡರನ್ನು ನಿಲ್ಲಿಸಿ, ಹಿಂದೆ ತಿರುಗಿಸಿ, ಆ "ಓ"ವನ್ನು ಮತ್ತೊಮ್ಮೆ ಕೇಳಿದೆ. ಇವರೂ!

ಮರುದಿನವೇ ಭಾವ ಆಳುಗಳನ್ನು ಕರೆಸಿ, ಕಾರನ್ನು ಎತ್ತಿಸಿ, ನಾಲ್ಕು ಮೂಲೆಗೆ ಮುರಕಲ್ಲು ಇಡಿಸಿದರು. ಚಕ್ರಗಳು ನೆಲದಿಂದ ಒಂದು ಗೇಣು ಮೇಲೆ ನಿಂತವು. ಕೀಯನ್ನು ಅವರೇ ಒಯ್ದರು. "ಬಾನೆಟ್ ತೆರೀಬಾರದು, ಆಯಿತಾ?" ಎಂದರು. ಅಮ್ಮನಿಗೆ ಮಣಿಪಾಲಕ್ಕೆ ಹೋಗಬೇಕಲ್ಲ ಎಂದೆ. "ಮನೆಯಲ್ಲೇ ಎಣ್ಣೆ ಹಾಕಿ ಉಜ್ಜು. ಮೊದಲಿನವರೆಲ್ಲ ಮಣಿಪಾಲಕ್ಕೆ ಹೋಗಿದ್ದರಾ?"

ನಾನು ಉಜ್ಜಿದೆ. ದಿನಾ ಬೆಳಿಗ್ಗೆ, ದಿನಾ ಸಂಜೆ. ಡಾಕ್ಟರಮ್ಮ ಬೆರಳುಗಳನ್ನು ಹೇಗೆ ಬಿಡಿಸುತ್ತಿದ್ದರೋ ಆ ಉಪಾಯ ನನ್ನ ಕೈಗೆ ಬರಲಿಲ್ಲ. ಅಮ್ಮನಿಗೆ ನೋವಾಗಿ ಹಲ್ಲು ಕಚ್ಚಿಕೊಂಡರೆ ನನ್ನ ಕೈ ತಾನಾಗಿ ಸಡಿಲವಾಗುತ್ತಿತ್ತು. ಮೂರನೆಯ ವಾರ ಮುಗಿಯುವಾಗ ಅವಳಿಗೆ ಮೊಗ್ಗು ಹಿಡಿಯಲಾಗಲಿಲ್ಲ. ಎರಡು ಸಲ ಬಿದ್ದುಹೋಯಿತು. ಮೂರನೆಯ ಸಲ ನಾನು ಕೊಡಲಿಲ್ಲ.

ಆ ದಿನ ಮಧ್ಯಾಹ್ನ ನಾನು ದೇವರ ಪೀಠದ ಡ್ರಾಯರು ತೆರೆದೆ. ಗಂಡ ಎಲ್ಲದಕ್ಕೂ ಎರಡನೆಯ ಕೀ ಇಟ್ಟುಕೊಳ್ಳುವ ಮನುಷ್ಯ. ಜಪಮಾಲೆಗಳ ಕೆಳಗೆ ಅದು ಸಿಕ್ಕಿತು. ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಪ್ಲಾಸ್ಟಿಕ್ ಕವರಿನ ಇನ್ನೊಂದು ಪುಸ್ತಕವಿತ್ತು, ಗಂಡ ತಮ್ಮ ಗ್ಯಾರೇಜಿನಿಂದ ತಂದು ಹಾಕಿದ್ದು. ಪೂರ್ತಿ ಅರಬ್ಬಿ. ಅಕ್ಷರ ಒಂದೂ ತಿಳಿಯದು, ಆದರೆ ಚಿತ್ರಗಳು ಉಂಟಲ್ಲ! ಒಂದು ಚಿತ್ರದಲ್ಲಿ ಬಾನೆಟ್ಟಿನ ಒಳಗೆ ಒಂದು ಸಣ್ಣ ಡಬ್ಬಿ, ಅದರ ಎರಡು ತೂತುಗಳಿಗೆ ಒಂದು ತಂತಿ ಸಿಕ್ಕಿಸಿದ್ದರು. ಪಕ್ಕದಲ್ಲಿ ಆ ಕಿತ್ತಳೆ ದೀಪ. ಕೆಳಗೆ ಒಂದು ಉದ್ದ ಗೆರೆ, ಮೂರು ಗಿಡ್ಡ ಗೆರೆ. ಎದುರಿಗೆ ಒಂದು ಎಂಬ ಅಂಕಿ, ಮೂರು ಹಲ್ಲಿನ ಇನ್ನೊಂದು ಅಂಕಿ. ಒಂದನೆಯ ಕ್ಲಾಸಿಗೆ ಹತ್ತರ ಕಟ್ಟು, ಬಿಡಿ ಕಡ್ಡಿ ಎಂದು ಲೆಕ್ಕ ಕಲಿಸಿದವಳಿಗೆ ಅಷ್ಟು ತಿಳಿಯುವುದಿಲ್ಲವೇ? ಉದ್ದ ಮಿಣುಕು ಹತ್ತು, ಗಿಡ್ಡ ಮಿಣುಕು ಒಂದು. ಹದಿಮೂರು. ದೀಪ ತನ್ನ ಕಾಯಿಲೆಯನ್ನು ಅಂಕಿಯಲ್ಲಿ ಹೇಳುತ್ತದೆ. ಅದರ ಬಾಯಿಯನ್ನೇ ಕಾರ್ಕಳದವ ಕಿತ್ತಿದ್ದ.

ರೇಡಿಯೊ ರಿಪೇರಿ ಅಂಗಡಿಯಿಂದ ಡಯಲ್ಲಿಗೆ ಹಾಕುವ ಸಣ್ಣ ಬಲ್ಬು ತಂದು ಕೂರಿಸಿದೆ. ತಂತಿಯ ಬದಲು ತಲೆಯಿಂದ ಹೇರ್‌ಪಿನ್ ತೆಗೆದು ತೂತುಗಳಿಗೆ ಸಿಕ್ಕಿಸಿದೆ. ಕೀ ತಿರುಗಿಸಿದೆ. ದೀಪ ಒಮ್ಮೆ ಉದ್ದಕ್ಕೆ ಹತ್ತಿತು, ಆರಿತು. ಕಾದೆ. ಗಿಡ್ಡ ಮಿಣುಕು ಬರಲಿಲ್ಲ. ಮತ್ತೆ ಒಂದು ಉದ್ದ. ಮತ್ತೆ ಒಂದು ಉದ್ದ. ಹತ್ತು! ಒಂದು ಕಟ್ಟು, ಬಿಡಿ ಸೊನ್ನೆ. ಪುಸ್ತಕದ ಪಟ್ಟಿಯಲ್ಲಿ ಹತ್ತನ್ನು ಹುಡುಕಿದೆ. ಇತ್ತು, ಒಂದು ಗೀಟು, ಪಕ್ಕದಲ್ಲಿ ದುಂಡಗೆ ಸೊನ್ನೆ. ಪಟ್ಟಿಯ ಕೊನೆಗಿತ್ತು ನಿಜ, ಆದರೆ ಅರಬ್ಬಿ ಪುಸ್ತಕ ಹಿಂದಿನಿಂದ ಮುಂದಕ್ಕಲ್ಲವೇ, ಅವರಿಗೆ ಕೊನೆಯದೇ ಮೊದಲಿನದು ಎಂದುಕೊಂಡೆ. ಪಟ್ಟಿಯ ತುದಿಯಲ್ಲಿ ಒಂದು ಗೀಟು, ಅದರ ಪಕ್ಕ ಒಂದು ಚುಕ್ಕಿ ಇತ್ತು. ಅದು ಒಂದನೆಯದು ಎಂಬ ಗುರುತು, ಮತ್ತೆ ಎಂತ? "ಹತ್ತ"ರ ಎದುರಿಗೆ ಪೆಟ್ರೋಲ್ ಟ್ಯಾಂಕಿನ ಒಳಗಿರುವ ಪಂಪಿನ ಚಿತ್ರವಿತ್ತು.

ಜಂಬ ನೋಡಿ ನನ್ನದು. ನೇರ ಭಾವನ ಮನೆಗೆ ನಡೆದೆ. ಕೀ ನನ್ನ ಹತ್ತಿರವೂ ಉಂಟು, ಕಾಯಿಲೆ ಏನೆಂದೂ ಗೊತ್ತುಂಟು ಎಂದೆ. ಉಡುಪಿಯವನನ್ನೇ ಕರೆಸಿ ಎಂದು ಹಟ ಹಿಡಿದೆ. ಅವನು ಬರಲು ಹತ್ತು ದಿನ ಮಾಡಿದ. ಟ್ಯಾಂಕ್ ಇಳಿಸಿ, ಪಂಪ್ ತೆಗೆದು, ಬ್ಯಾಟರಿಗೆ ತಾಗಿಸಿದ. ಪಂಪ್ ಜೇನುಹುಳದ ಹಾಗೆ ಚೆನ್ನಾಗಿ ಹಾಡಿತು. ಅದರಲ್ಲಿ ಒಂದು ಕೂದಲಷ್ಟೂ ದೋಷ ಇರಲಿಲ್ಲ. ಅಂಗಳದ ತುಂಬ ಪೆಟ್ರೋಲ್ ಚೆಲ್ಲಿ ಅಮ್ಮನ ಎರಡು ಮಲ್ಲಿಗೆ ಗಿಡ ಒಣಗಿಹೋದವು. ಭಾವ ನಕ್ಕರು. "ಟೀಚರ್, ನೀನು ಹತ್ತರ ಮಗ್ಗಿ ಇನ್ನೊಮ್ಮೆ ಕಲಿ." ಉಡುಪಿಯವನೂ ನಕ್ಕ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಗಾದೆಯನ್ನೂ ಹೇಳಿದ. ಅವರ ಮೇಲಿನ ಸಿಟ್ಟನ್ನೆಲ್ಲ ನನ್ನ ಮೇಲೆಯೇ ಸುರಿದುಕೊಂಡೆ. ಹೀಗೆ ಕಳೆದುಹೋದ ಎರಡು ವಾರ ನನ್ನ ತಪ್ಪು. ಅದನ್ನು ಅವರ ತಲೆಗೆ ಕಟ್ಟುವುದಿಲ್ಲ.

ಆ ವಾರದ ಭಾನುವಾರ ಹಿಂದಿನ ಓಣಿಯ ಬ್ಯಾರಿ ಹೆಂಗಸು ಅಮ್ಮನನ್ನು ನೋಡಲು ಬಂದಳು, ಬಾಳೆಎಲೆಯಲ್ಲಿ ಬಿಸಿ ಅಕ್ಕಿ ಪತ್ತಿರಿ ಕಟ್ಟಿಕೊಂಡು. ಬೀಡಿ ಕಟ್ಟುವವಳು, ಅಮ್ಮನ ಸ್ನೇಹಿತೆ; ಬೀಡಿಗೂ ಹೂವಿಗೂ ಬೆರಳೇ ಬೇಕಲ್ಲ, ಮಾತಿಗೆ ವಿಷಯವಿತ್ತು. ಅವಳ ನಾಲ್ಕು ಮಕ್ಕಳನ್ನು ನಾನೇ ಶಾಲೆಗೆ ಸೇರಿಸಿಕೊಂಡದ್ದು. ನಾಲ್ಕು ಸಲವೂ ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿದ್ದಳು. ಒತ್ತುವಾಗ ನಾನೇ ಅವಳ ಬೆರಳು ಹಿಡಿದು ಶಾಯಿಗೆ ಅದ್ದಿಸಿದ್ದೆ, ಓದು ಬಾರದವಳು ಎಂಬ ಸಸಾರದಿಂದ.

ಸಿಟ್ಟಿನಲ್ಲಿ ನಾನು ಎಸೆದಿದ್ದ ಪುಸ್ತಕ ಜಗಲಿಯಲ್ಲಿ ಚಪ್ಪಲಿಗಳ ಪಕ್ಕ ಬಿದ್ದಿತ್ತು. ಅವಳು ಅದನ್ನು ಕಂಡು "ಯಾ ಅಲ್ಲಾ!" ಎಂದು ಎತ್ತಿ, ಸೆರಗಿನಲ್ಲಿ ಒರೆಸಿ, ಹಣೆಗೆ ಒತ್ತಿಕೊಂಡು ಕಿಟಕಿಯ ಮೇಲೆ ಎತ್ತರದಲ್ಲಿಟ್ಟಳು. ನಾವು ಮಾತನಾಡುತ್ತಿದ್ದದ್ದು ತುಳುವಿನಲ್ಲಿ. ಅದು ದೇವರ ಪುಸ್ತಕವಲ್ಲ, ಕಾರಿನ ಪುಸ್ತಕ ಎಂದೆ. "ಎಂತದ್ದೇ ಆಗಲಿ ಟೀಚರೆ, ಆ ಅಕ್ಷರ ನೆಲದಲ್ಲಿ ಬೀಳಬಾರದು" ಎಂದಳು. ನಿನಗೆ ಓದಲು ಬರುತ್ತದಾ ಎಂದು ಕೇಳಿದೆ. "ಓದ್ಲಿಕ್ಕೆ ಬರ್ತದೆ. ಅರ್ಥ ಗೊತ್ತಿಲ್ಲ."

ಬಾಯಿಗೆ ಬಂದದ್ದನ್ನು ಹೇಳಿದೆ. ನಿನ್ನ ಅರಬ್ಬಿಯ ಹತ್ತರಿಂದ ನನ್ನ ಮಾನ ಹೋಯಿತು ಎಂದು ಪಟ್ಟಿ ತೆಗೆದು ಆ ಗೀಟು, ಆ ದುಂಡು ಸೊನ್ನೆ ತೋರಿಸಿದೆ. ಅವಳು ನೋಡಿ ನಗಲು ಶುರುಮಾಡಿದಳು.

"ಇದು ಹತ್ತು ಅಲ್ಲ ಟೀಚರೆ, ಹದಿನೈದು. ಈ ಉರುಟು ಉಂಟಲ್ಲ, ಇದು ಐದು. ಕುರ್‌ಆನಿನಲ್ಲಿ ಒಂದೊಂದು ಆಯತ್ತಿನ ಕೊನೆಗೆ ಅದರ ನಂಬರು ಹೀಗೇ ಇರುವುದು, ನಾನು ದಿನಾ ನೋಡ್ತೇನೆ."

"ಹಾಗಾದರೆ ಸೊನ್ನೆ?"

"ಸೊನ್ನೆಗೆ ಒಂದು ಬೊಟ್ಟು. ಬೊಟ್ಟು ಅಂದರೆ ಸೊನ್ನೆ." ಪಟ್ಟಿಯ ತುದಿಯ ಗೀಟಿನ ಮೇಲೆ, ಅದರ ಪಕ್ಕದ ಚುಕ್ಕಿಯ ಮೇಲೆ ಹೆಬ್ಬೆರಳಿಟ್ಟಳು. ತಂಬಾಕಿನ ಬಣ್ಣ ಹಿಡಿದ ಬೆರಳು, ನಾನು ಶಾಯಿಗೆ ಅದ್ದಿಸಿದ್ದ ಅದೇ ಬೆರಳು. "ಇದು ಹತ್ತು."

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಹದಿನೇಳು ವರ್ಷ ಮಕ್ಕಳಿಗೆ ಸೊನ್ನೆ ಬರೆಸಿದವಳು ನಾನು! ನಮ್ಮ ಕನ್ನಡದ ಸೊನ್ನೆಯೂ ದುಂಡಗೆ, ಇಂಗ್ಲಿಷಿನದೂ ದುಂಡಗೆ, ಆದ್ದರಿಂದ ಲೋಕದ ಸೊನ್ನೆಯೆಲ್ಲ ದುಂಡಗೆ ಎಂದು ತಿಳಿದಿದ್ದೆ. ಪಟ್ಟಿ ಮೊದಲಿನಿಂದಲೇ ಶುರುವಾಗಿತ್ತು, ತಲೆಕೆಳಗಾಗಿದ್ದದ್ದು ನನ್ನ ಬುದ್ಧಿ.

ಚುಕ್ಕಿಯ ಹತ್ತರ ಎದುರಿಗೆ ಗಾಳಿಯ ಫಿಲ್ಟರಿನ ಡಬ್ಬಿಯ ಚಿತ್ರವಿತ್ತು, ಅದರ ಹಿಂದಿನಿಂದ ಹೊರಡುವ ಒಂದು ವೈರಿಗೆ ಬಾಣದ ಗುರುತು ಹಾಕಿದ್ದರು. ಇಬ್ಬರೂ ಅಂಗಳಕ್ಕೆ ಓಡಿದೆವು. ಬಾನೆಟ್ ಎತ್ತಿದೆ. ಡಬ್ಬಿಯ ಕ್ಲಿಪ್ ಬಿಚ್ಚಿ ಎತ್ತುತ್ತಲೇ ಬೂತಾಯಿಯ ನಾತ ಮೂಗಿಗೆ ಹೊಡೆಯಿತು. ಅದರ ಹಿಂದೆ, ಯಾವ ಪಂಡಿತನೂ ಕೈ ಹಾಕದ ಮೂಲೆಯಲ್ಲಿ, ಇಲಿಯ ಗೂಡು. ತೆಂಗಿನ ನಾರು, ಚಿಂದಿ, ಅಮ್ಮನ ಬಾಳೆನಾರಿನ ತುಂಡುಗಳು. ಭಾವ ಒಳಗೆಲ್ಲ ಬಳಿದ ಮೀನೆಣ್ಣೆ ವೈರಿನ ಮೇಲೂ ಹಿಡಿದಿತ್ತು. ಇಲಿಗೆ ವೈರೂ ಒಂದೇ, ಹುರಿದ ಬೂತಾಯಿಯೂ ಒಂದೇ. ಎರಡು ಇಂಚಿನಷ್ಟು ಪ್ಲಾಸ್ಟಿಕ್ ತಿಂದು, ಒಳಗಿನ ತಾಮ್ರವನ್ನು ಕಡಿದು ಹಾಕಿತ್ತು. ಒಳಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಮಿದುಳಿಗೆ ಹೇಳುವ ವೈರು ಅದು. ಲೆಕ್ಕ ಸಿಗದ ಮಿದುಳು ಹೆದರಿ ಎಂಜಿನ್ನಿಗೆ ಬದುಕಿ ಉಳಿಯುವಷ್ಟೇ ಪೆಟ್ರೋಲ್ ಕೊಡುತ್ತಿತ್ತು.

ಅವಳು ಸೊಂಟದಿಂದ ಬೀಡಿ ಎಲೆ ಕತ್ತರಿಸುವ ಕತ್ತರಿ ತೆಗೆದಳು. ವೈರಿನ ತುದಿ ಸುಲಿದು, ತಿರುಚಿ, ಟೇಪ್ ಸುತ್ತಿದೆ. ಕಾಲು ಗಂಟೆಯ ಕೆಲಸ. ಕೀ ತಿರುಗಿಸಿದಾಗ ಕಿತ್ತಳೆ ದೀಪ ಹತ್ತಿ ಆರಿತು. ಆಕ್ಸಿಲರೇಟರ್ ಒತ್ತಿದೆ. ಕಲ್ಲಿನ ಮೇಲೆ ನಿಂತ ಕಾರು ಕಾಂಪೌಂಡು ನಡುಗುವ ಹಾಗೆ ಗರ್ಜಿಸಿತು. ಭಾವ ಲುಂಗಿ ಎತ್ತಿಕೊಂಡು ಓಡಿ ಬಂದರು. ನಾನು ಇಲಿಯ ಗೂಡನ್ನು ತೆಂಗಿನ ಗೆರಟೆಯಲ್ಲಿ ಹಾಕಿ ಅವರ ಮುಂದೆ ಹಿಡಿದೆ. "ಮೂಸಿ ನೋಡಿ ಭಾವ. ನಿಮ್ಮ ಎಣ್ಣೆ." ಮೂಸಲಿಲ್ಲ. "ಇಲಿ ಎಲ್ಲಿ ಇಲ್ಲ ಮಾರಾಯ್ತಿ?" ಎಂದು ತಿರುಗಿ ಹೋದರು. ಅಷ್ಟೇ. ಅದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ.

ಜ್ಯಾಕ್ ಹಾಕಿ ನಾವಿಬ್ಬರೇ ಕಲ್ಲು ತೆಗೆದೆವು. ಸೋಮವಾರ ಅಮ್ಮನನ್ನು ಕೂರಿಸಿಕೊಂಡು ಮಣಿಪಾಲದ ಏರನ್ನು ಎಲ್ಲೂ ನಿಧಾನಿಸದೆ ಹತ್ತಿದೆ. ಈ ಸಲವೂ ಅಮ್ಮ "ಸವ್ಕಾಸ್" ಎಂದಳು, ಈ ಸಲ ಹೇಳಬೇಕಾದ್ದೇ.

ಡಾಕ್ಟರಮ್ಮ ಅಮ್ಮನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಬಿಡಿಸಲು ನೋಡಿದರು. ಬಿಸಿನೀರಿಗೆ ಹಾಕಿ ಮತ್ತೆ ನೋಡಿದರು. "ಆರು ವಾರ ಎಲ್ಲಿ ಹೋಗಿದ್ದಿರಿ?" ಎಂದರು ಕೊನೆಗೆ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ತನ್ನ ಹರಕು ಕನ್ನಡದಲ್ಲಿ ಹೇಳಿದಳು: "ಗಾಡಿ ಕೆಟ್ಟಿತ್ತು ಡಾಕ್ಟ್ರೆ. ಯಾರ ತಪ್ಪೂ ಅಲ್ಲ."

ಯಾರ ತಪ್ಪೂ ಅಲ್ಲವಂತೆ! ಅವಳಿಗೆ ಕ್ಷಮಿಸಲು ಬರುತ್ತಿತ್ತು. ನನಗೆ ಆ ವಿದ್ಯೆ ಬರಲಿಲ್ಲ.

ಮತ್ತೆ ಐದು ತಿಂಗಳು ಬಿಡದೆ ಹೋದೆವು. ಕಾಲು ಬಂತು, ಕೋಲೂರಿಕೊಂಡು ನಡೆದಳು. ಕೈ ತೆರೆಯಲಿಲ್ಲ. ಗಂಡನ ಮುಂದಿನ ಕ್ಯಾಸೆಟ್ಟಿನಲ್ಲಿ, "ಅಣ್ಣ ನೋಡಿಕೊಂಡದ್ದಕ್ಕೆ ಗಾಡಿ ಸರಿಯಾಯಿತಂತೆ, ದೇವರು ದೊಡ್ಡವನು" ಎಂದಿತ್ತು. ಅದೇ ಕ್ಯಾಸೆಟ್ಟಿನ ಮೇಲೆ ನಡೆದದ್ದನ್ನೆಲ್ಲ ನಾನು ಮಾತನಾಡಿ ತುಂಬಿಸಿ ವಾಪಸು ಕಳಿಸಿದೆ. ಕೊನೆಯಲ್ಲಿ ಒಂದು "ಓ" ಸೇರಿಸಿದೆ. ಅದಕ್ಕೆ ಉತ್ತರ ಬರಲಿಲ್ಲ. ಆ ಏಪ್ರಿಲಿನ ರಜೆಯನ್ನೂ ಮುಂದೆ ಹಾಕಿದರು.

ಈಸ್ಟರ್ ಕಳೆದ ಮೇಲೆ ಭಾವನ ಮಗಳ ಮದುವೆ ನಿಶ್ಚಯವಾಯಿತು, ಹುಡುಗ ಕಾರ್ಕಳದವನು. ಒಂದು ಭಾನುವಾರ 'ಪೂಜೆ' ಮುಗಿಸಿ ಚರ್ಚಿನಿಂದ ಭಾವ ನೇರ ನಮ್ಮ ಜಗಲಿಗೆ ಬಂದು ಕೂತರು. ಅಮ್ಮ ಬೆತ್ತದ ಕುರ್ಚಿಯಲ್ಲಿ ಕೂತಿದ್ದಳು. ಎದುರಿನ ಗಿಡಗಳಲ್ಲಿ ಕೊಯ್ಯುವವರಿಲ್ಲದೆ ಮಲ್ಲಿಗೆ ಅರಳಿ ಉದುರುತ್ತಿತ್ತು.

"ಮದುಮಗಳನ್ನು ಕಾರ್ಕಳದ ಚರ್ಚಿಗೆ ಕರೆದುಕೊಂಡು ಹೋಗ್ಲಿಕ್ಕೆ ಕಾರು ಬೇಕು" ಎಂದರು. "ಓಡಿಸ್ಲಿಕ್ಕೆ ಒಬ್ಬ ಒಳ್ಳೆಯ ಡ್ರೈವರನ್ನು ಹೇಳಿದ್ದೇನೆ. ಮಳೆಗೆ ಮೊದಲು ಒಮ್ಮೆ ಎಣ್ಣೆಯೂ ಹಚ್ಚಿಸಿ ಕೊಡುವ." ಆಮೇಲೆ ಅಮ್ಮನ ಕಡೆ ತಿರುಗಿ, ಪ್ರೀತಿಯಿಂದಲೇ, ಅದು ಇನ್ನೂ ಕೆಟ್ಟದ್ದು, ನಗುತ್ತಾ ಹೇಳಿದರು: "ಕಾರಿಗೆ ಇಡೀ ಮಲ್ಲಿಗೆ ಆಗಬೇಕು. ನೀವು ಕಟ್ಟಿದ್ದೇ ಆಗಬೇಕು. ಈಗ ವಾಸಿಯಾಯ್ತಲ್ಲ ನಿಮಗೆ, ನಡೆದಾಡ್ತೀರಿ."

ಅಮ್ಮ ತಲೆ ತಗ್ಗಿಸಿದಳು. ಸೆರಗಿನೊಳಗೆ ಆ ಕೈಯನ್ನು ಇನ್ನಷ್ಟು ಒಳಗೆ ಎಳೆದುಕೊಂಡಳು.

ನಾನು ಹೋಗಿ ಅವಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತೆ. ಸೆರಗಿನೊಳಗಿನಿಂದ ಬಲಗೈಯನ್ನು ಹೊರಗೆ ತೆಗೆದೆ. ಭಾವನ ಕೈಯನ್ನು ಹಿಡಿದೆಳೆದು ಅದರ ಮೇಲೆ ಅಮ್ಮನ ಮುಷ್ಟಿಯನ್ನು ಇಟ್ಟೆ. ಒಂದು ಕಲ್ಲು ಇಟ್ಟ ಹಾಗೆ ಅದು ಅಲ್ಲಿ ಕೂತಿತು, ಬೆರಳುಗಳು ಒಳಕ್ಕೆ ಮಡಚಿ, ಉಗುರುಗಳು ಅಂಗೈಗೆ ಒತ್ತಿ.

"ತೆರೆಯಿರಿ ಭಾವ" ಎಂದೆ. "ನೀವು ತೆರೆದರೆ ಕಾರೂ ಕೊಡುತ್ತೇನೆ, ಹೂವೂ ಕಟ್ಟಿಸಿ ಕೊಡುತ್ತೇನೆ."

ಅವರು ಒಂದು ಸಲ ನಿಜವಾಗಿಯೂ ಪ್ರಯತ್ನಿಸಿದರು. ಹೆಬ್ಬೆರಳನ್ನು ಹಿಡಿದು ಸ್ವಲ್ಪ ಎಳೆದರು. ಅಮ್ಮನಿಗೆ ನೋವಾಗಿ "ಸವ್ಕಾಸ್" ಎಂದಳು. ಭಾವ ಅವಳ ಕೈಯನ್ನು ಮೆತ್ತಗೆ ಅವಳ ಮಡಿಲಲ್ಲಿ ಇಟ್ಟು, ಎದ್ದು, ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಹೊರಟುಹೋದರು.

ಮದುವೆಗೆ ಬಾಡಿಗೆಯ ಅಂಬಾಸಡರ್ ಬಂತು. ಅದರ ಮೇಲಿದ್ದದ್ದು ಪ್ಲಾಸ್ಟಿಕ್ ಹೂವು.